ಶಿಬಿರದ ಉಡುಪಿನ ನಿಯಮಗಳು: ಕಣ್ಣಿನ ಹೊಣೆ ಯಾರದು?

ಪ್ರಶ್ನೆ: ಯೌವನಸ್ಥರ ಸಂಘದ ಕಾರ್ಯದರ್ಶಿ, ಹಾವೇರಿ ಜಿಲ್ಲೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಬೇಸಿಗೆ ರಜೆಯಲ್ಲಿ ನಮ್ಮ ಸಭೆಯ ಯೌವನಸ್ಥರಿಗಾಗಿ ಮೂರು ದಿನಗಳ ಶಿಬಿರ ನಡೆಯಲಿದ್ದು, ಅದರ ನಿಯಮಾವಳಿಯನ್ನು ಸಿದ್ಧಪಡಿಸಿ ಸಭಾ ಸಮಿತಿಯ ಮುಂದಿಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಿಂದಿನ ವರ್ಷಗಳ ನಿಯಮಾವಳಿಯನ್ನೇ ಸ್ವಲ್ಪ ತಿದ್ದಿ ಕೊಡೋಣವೆಂದು ತೆರೆದು ನೋಡಿದಾಗ, ಉಡುಪಿನ ಭಾಗ ಬಹುಮಟ್ಟಿಗೆ ಹುಡುಗಿಯರನ್ನೇ ಕುರಿತದ್ದೆಂದು ಕಂಡುಬಂತು. ದುಪಟ್ಟಾ ಇಲ್ಲದೆ ಚೂಡಿದಾರ ಧರಿಸಬಾರದು, ಜೀನ್ಸ್ ಕೂಡದು, ಕೂದಲು ಬಿಟ್ಟುಕೊಂಡು ಆರಾಧನೆಗೆ ಬರಬಾರದು, ಗಾಯನ ಮಂಡಳಿಯ ಮುಂದಿನ ಸಾಲಿನಲ್ಲಿ ನಿಲ್ಲುವವರು ಸೀರೆಯನ್ನೇ ಉಡಬೇಕು. ಹುಡುಗರಿಗಿರುವುದು ಒಂದೇ: ಚಡ್ಡಿ ಹಾಕಿಕೊಂಡು ಊಟದ ಕೋಣೆಗೆ ಬರಬಾರದು. ಈ ಭಾಗದ ತಲೆಯ ಮೇಲೆ ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯದ 13ನೇ ವಚನವನ್ನು, ಅಂದರೆ ಸಹೋದರನ ದಾರಿಯಲ್ಲಿ ಅಡ್ಡಿಯನ್ನು ಇಡಬಾರದೆಂಬ ಮಾತನ್ನು, ದಪ್ಪಕ್ಷರದಲ್ಲಿ ಹಾಕಲಾಗಿದೆ.

ಇದನ್ನು ಸಂಘದ ಕೂಟದಲ್ಲಿ ಓದಿದಾಗ ಒಬ್ಬ ಸಹೋದರಿ ಎದ್ದು, "ಹುಡುಗರ ಕಣ್ಣಿಗೆ ನಾವು ಕಾವಲುಗಾರರೋ?" ಎಂದು ಕೇಳಿದಳು. ಒಬ್ಬ ಹುಡುಗ, ಹಾಸ್ಯಕ್ಕಲ್ಲ, ನಿಜವಾದ ಸಂಕೋಚದಿಂದಲೇ, "ನಮಗೆ ಶೋಧನೆ ಇರುವುದು ಸುಳ್ಳಲ್ಲ, ನೀವು ಸ್ವಲ್ಪ ಸಹಾಯ ಮಾಡಿದರೆ ತಪ್ಪೇನು?" ಎಂದ. ಕೂಟ ಅಲ್ಲಿಗೇ ನಿಂತುಹೋಯಿತು. ವಾಕ್ಯದ ಪ್ರಕಾರ ಒಬ್ಬರ ಉಡುಪಿಗೂ ಇನ್ನೊಬ್ಬರ ಶೋಧನೆಗೂ ಇರುವ ಸಂಬಂಧವೇನು, ಒಬ್ಬರ ಪಾಪದ ಹೊಣೆಯನ್ನು ಇನ್ನೊಬ್ಬರು ಎಷ್ಟರಮಟ್ಟಿಗೆ ಹೊರಬೇಕು, ಕಡೆಗೆ ನಾನು ಆ ಹಾಳೆಯ ಮೇಲೆ ಏನು ಬರೆಯಬೇಕು ಎಂಬುದನ್ನು ತಿಳಿದವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಹಿರಿಯ ಸಭಾಸದ, ಬೆಟಗೇರಿ

ಪ್ರಿಯ ಸಹೋದರನೇ, ಇಂಥ ನಿಯಮಗಳನ್ನು ಬರೆದ ಸಮಿತಿಗಳಲ್ಲಿ ನಾನೂ ಕುಳಿತವನು. ಆದ್ದರಿಂದ ಅವುಗಳ ಪರವಾಗಿ ಮಾತನಾಡುವುದು ನ್ಯಾಯವೆಂದು ತೋರುತ್ತದೆ. ನಮ್ಮ ಹಳೆಯ ದೇವಾಲಯಗಳಲ್ಲಿ ಗಂಡಸರು ಒಂದು ಬದಿಗೆ, ಹೆಂಗಸರು ಇನ್ನೊಂದು ಬದಿಗೆ ಕೂರುತ್ತಿದ್ದರು. ಪ್ರಾರ್ಥನೆಗೆ ತಲೆಬಾಗುವ ಮೊದಲು ಸೆರಗು ತಾನಾಗಿಯೇ ತಲೆಯ ಮೇಲೆ ಬರುತ್ತಿತ್ತು. ಅದನ್ನು ನನ್ನ ತಾಯಿಯಾಗಲಿ ಅತ್ತಿಗೆಯರಾಗಲಿ ಅವಮಾನವೆಂದು ತಿಳಿದದ್ದನ್ನು ನಾನು ಕಾಣೆ.

ಕೆಟ್ಟ ದೃಷ್ಟಿಯಿಂದ ನೋಡಿದವನ ಪಾಪ ಅವನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಣೆ ಅವನದೆಂದು ತೀರ್ಮಾನವಾದ ಮಾತ್ರಕ್ಕೆ ಉಳಿದವರ ಪ್ರೀತಿಯ ಕರ್ತವ್ಯ ಮುಗಿಯುತ್ತದೆಯೇ? ತಾನು ತಿನ್ನುವ ಮಾಂಸದಿಂದ ಸಹೋದರನಿಗೆ ವಿಘ್ನವಾಗುವುದಾದರೆ ಎಂದಿಗೂ ಮಾಂಸವನ್ನೇ ತಿನ್ನುವುದಿಲ್ಲವೆಂದು ಪೌಲನು ಕೊರಿಂಥದವರಿಗೆ ಬರೆದನು. ತಿನ್ನುವ ಹಕ್ಕು ತನಗಿದೆಯೆಂದು ಬಲ್ಲವನೇ ಆ ಮಾತನ್ನು ಬರೆದನೆಂಬುದನ್ನು ಮರೆಯಬಾರದು. ಸಾವಿನ ಮನೆಗೆ ಹೋಗುವಾಗ ಮದುವೆಯ ಸೀರೆಯನ್ನು ಯಾರೂ ಉಡುವುದಿಲ್ಲ, ಉಡಬಾರದೆಂಬ ಕಾನೂನೂ ಇಲ್ಲ, ಅಲ್ಲಿರುವವರ ಮನಸ್ಸನ್ನು ನೆನೆದು ನಾವೇ ಉಡುವುದಿಲ್ಲ. ದೇವಾಲಯಕ್ಕೆ ಬರುವಾಗಲೂ ಅಷ್ಟು ವಿವೇಕ ಬೇಡವೇ? ಇಂದಿನ ಮಕ್ಕಳು ಹಕ್ಕಿನ ಮಾತನ್ನು ಬೇಗ ಕಲಿಯುತ್ತಾರೆ. ಇನ್ನೊಬ್ಬರಿಗಾಗಿ ಬಿಟ್ಟುಕೊಡುವುದನ್ನು ಸಭೆಯಲ್ಲಿ ಕಲಿಸದಿದ್ದರೆ ಬೇರೆಲ್ಲಿ ಕಲಿಸುವುದು?

ಉತ್ತರ: ನಿವೃತ್ತ ಶಿಕ್ಷಕಿ, ಧಾರವಾಡ

ಬೆಟಗೇರಿಯ ಅಣ್ಣನವರ ಮಾತಿನ ಹಿಂದಿರುವ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೂ ಅವರು ಹಿಡಿದಿರುವ ವಚನ ಅವರು ಹೊರಿಸುವ ಭಾರವನ್ನು ಹೊರಲಾರದು.

ರೋಮಾಪುರದ ಪತ್ರಿಕೆಯ 14ನೇ ಅಧ್ಯಾಯ ಉಡುಪಿನ ಕುರಿತದ್ದಲ್ಲ, ಆಸೆಯ ಕುರಿತದ್ದೂ ಅಲ್ಲ. ಕೆಲವು ವಿಶ್ವಾಸಿಗಳು ಮಾಂಸವನ್ನು ಬಿಟ್ಟು ಕಾಯಿಪಲ್ಯವನ್ನಷ್ಟೇ ತಿನ್ನುತ್ತಿದ್ದರು, ಕೆಲವರು ಒಂದು ದಿನವನ್ನು ಮತ್ತೊಂದಕ್ಕಿಂತ ವಿಶೇಷವೆಂದು ಎಣಿಸುತ್ತಿದ್ದರು. ಅಲ್ಲಿ "ಬಲಹೀನ"ನೆಂದರೆ ಮನಸ್ಸಾಕ್ಷಿ ಒಪ್ಪದೆ ಇದ್ದರೂ ಬಲವುಳ್ಳವನನ್ನು ನೋಡಿ ತಾನೂ ತಿಂದು, ತನ್ನ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆದು ಕೆಡುವವನು. ಕೊರಿಂಥದಲ್ಲಿ ವಿಗ್ರಹಕ್ಕೆ ಅರ್ಪಿಸಿದ ಮಾಂಸದ ವಿಷಯವೂ ಇದೇ. ಒಬ್ಬ ಹುಡುಗಿಯ ಜೀನ್ಸನ್ನು ನೋಡಿ ಮೋಹಿಸುವ ಹುಡುಗ ಈ ಅರ್ಥದಲ್ಲಿ ಬಲಹೀನನಲ್ಲ. ತಾನು ಮಾಡುತ್ತಿರುವುದು ಸರಿಯಲ್ಲವೆಂದು ಅವನ ಮನಸ್ಸಾಕ್ಷಿಗೆ ಚೆನ್ನಾಗಿಯೇ ಗೊತ್ತು. ಇನ್ನೊಂದು ವಿಷಯ: ಪೌಲನು "ನಾನು ತಿನ್ನುವುದಿಲ್ಲ" ಎಂದನೇ ಹೊರತು ಕೊರಿಂಥದ ಮಾಂಸದಂಗಡಿಗೆ ಬೀಗ ಹಾಕಿಸಲಿಲ್ಲ. ಬಿಟ್ಟುಕೊಡುವುದು ಪ್ರೀತಿಯಾಗಬೇಕಾದರೆ ಬಿಟ್ಟುಕೊಡುವವರೇ ಅದನ್ನು ನಿರ್ಧರಿಸಬೇಕು. ಸಮಿತಿಯ ಗಂಡಸರು ಕುಳಿತು ಹೆಣ್ಣುಮಕ್ಕಳ ಪರವಾಗಿ ಬಿಟ್ಟುಕೊಟ್ಟರೆ ಅದಕ್ಕೆ ಆ ಹೆಸರು ಸಲ್ಲದು.

ನೋಟದ ಪಾಪವನ್ನು ನೇರವಾಗಿ ಹೇಳುವ ಮಾತು ಇರುವುದು ಮತ್ತಾಯ 5ರಲ್ಲಿ. ಪರಸ್ತ್ರೀಯನ್ನು ನೋಡಿ ಮೋಹಿಸಿದವನು ಆಗಲೇ ಮನಸ್ಸಿನಲ್ಲಿ ವ್ಯಭಿಚಾರ ಮಾಡಿದ್ದಾನೆಂದು ಕರ್ತನು ಹೇಳುತ್ತಾನೆ. ಅದರ ಮುಂದಿನ ವಚನದಲ್ಲಿ, ಬಲಗಣ್ಣು ಪಾಪಕ್ಕೆ ಕಾರಣವಾದರೆ ಕಿತ್ತು ಬಿಸಾಡು ಎನ್ನುತ್ತಾನೆ. ಆ ಕಣ್ಣು ಯಾರದು? ನೋಡಿದವನದು. ಅವಳು ಏನು ಉಟ್ಟಿದ್ದಳು, ಎಲ್ಲಿ ನಿಂತಿದ್ದಳು, ಯಾಕೆ ನಕ್ಕಳು ಎಂಬ ವಿಚಾರಣೆಯೇ ಅಲ್ಲಿಲ್ಲ. ಯಾಕೋಬನೂ ತನ್ನ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ, ಪ್ರತಿಯೊಬ್ಬನು ತನ್ನಲ್ಲಿರುವ ಆಸೆಯಿಂದಲೇ ಸೆಳೆಯಲ್ಪಟ್ಟು ಶೋಧನೆಗೆ ಒಳಗಾಗುತ್ತಾನೆಂದು ಬರೆಯುತ್ತಾನೆ. "ನೀನು ನನಗೆ ಕೊಟ್ಟ ಸ್ತ್ರೀಯೇ" ಎಂದು ಬೆರಳು ತೋರಿಸಿದವನು ಆದಾಮನು. ಆ ನೆಪವನ್ನು ದೇವರು ಒಪ್ಪಿಕೊಂಡನೆಂದು ಆದಿಕಾಂಡ ಹೇಳುವುದಿಲ್ಲ.

ದಾವೀದ ಮತ್ತು ಬತ್ಷೆಬೆಯ ಪ್ರಸಂಗವನ್ನು ನಾವು ಮಕ್ಕಳಿಗೆ ಹೇಳುವ ರೀತಿಯನ್ನೇ ನೋಡಿ. ಮಾಳಿಗೆಯ ಮೇಲೆ ಸ್ನಾನ ಮಾಡುತ್ತಿದ್ದ ಹೆಂಗಸು ಎಂದು ಎಷ್ಟು ಪ್ರಸಂಗಗಳಲ್ಲಿ ಕೇಳಿಲ್ಲ? ಎರಡನೆಯ ಸಮುವೇಲ 11ನ್ನು ತೆರೆದು ಓದಿದರೆ ಮಾಳಿಗೆಯ ಮೇಲೆ ಇದ್ದವನು ದಾವೀದ. ಅರಸರು ಯುದ್ಧಕ್ಕೆ ಹೊರಡುವ ಕಾಲದಲ್ಲಿ ಯೋವಾಬನನ್ನು ಕಳುಹಿಸಿ ತಾನು ಯೆರೂಸಲೇಮಿನಲ್ಲಿ ಉಳಿದುಕೊಂಡವನೂ ಅವನೇ. ಅವಳು ಅಶುದ್ಧತ್ವವನ್ನು ಕಳೆದುಕೊಂಡು ಶುದ್ಧಳಾಗುತ್ತಿದ್ದಳೆಂದು ಅಲ್ಲಿಯೇ ಬರೆದಿದೆ. ಅರಮನೆಯಿಂದ ಆಳುಗಳು ಬಂದು ಕರೆದಾಗ ಸಿಪಾಯಿಯ ಹೆಂಡತಿಯೊಬ್ಬಳು ಅರಸನಿಗೆ ಏನು ಹೇಳಬಲ್ಲಳು? ಮುಂದೆ ಪ್ರವಾದಿಯಾದ ನಾತಾನನು ಬಂದು ಹೇಳಿದ ಸಾಮ್ಯದಲ್ಲಿ ಅವಳು ಬಡವನ ಮಡಿಲಲ್ಲಿ ಬೆಳೆದ ಕುರಿಮರಿ. "ಆ ಮನುಷ್ಯನು ನೀನೇ" ಎಂದು ಅವನು ಹೇಳಿದ್ದು ದಾವೀದನಿಗೆ. ಅವಳ ಉಡುಪಿನ ಬಗ್ಗೆ ನಾತಾನನು ತುಟಿ ಬಿಚ್ಚಲಿಲ್ಲ.

ಹಾಗಾದರೆ ಮಾನಸ್ಥ ಉಡುಪಿನ ವಚನವಿಲ್ಲವೇ? ಇದೆ, ಮೊದಲನೆಯ ತಿಮೊಥೆಯ 2ರಲ್ಲಿದೆ. ಆದರೆ ಅಲ್ಲಿ ಪೌಲನು ಬೇಡವೆನ್ನುವುದು ಹೆಣೆದ ಜಡೆ, ಚಿನ್ನ, ಮುತ್ತು, ಬೆಲೆಬಾಳುವ ವಸ್ತ್ರಗಳನ್ನು. ಅಂದರೆ ಅವನ ಚಿಂತೆ ಮೈ ಕಾಣುವುದರ ಬಗ್ಗೆ ಅಲ್ಲ, ಸಿರಿವಂತಿಕೆ ಮೆರೆಯುವುದರ ಬಗ್ಗೆ. ಬಡ ದಾಸಿಯೂ ಯಜಮಾನಿಯೂ ಒಂದೇ ಮೇಜಿನಲ್ಲಿ ರೊಟ್ಟಿ ಮುರಿಯುವ ಕೂಟದಲ್ಲಿ ಮುತ್ತಿನ ಹಾರ ಏನು ಮಾಡುತ್ತದೆಂದು ಅವನಿಗೆ ಗೊತ್ತಿತ್ತು. ಕ್ರಿಸ್‌ಮಸ್ ಆರಾಧನೆಯಲ್ಲಿ ರೇಷ್ಮೆ ಸೀರೆ ಮತ್ತು ಅವಲಕ್ಕಿ ಸರಗಳನ್ನು ನೋಡಿ ಹಿಂದಿನ ಬೆಂಚಿಗೆ ಸರಿದು ಕುಳಿತ ಹೆಂಗಸರನ್ನು ನಾನು ಬಲ್ಲೆ. ಅದರ ವಿರುದ್ಧ ನೋಟಿಸು ಹಾಕಿದ ಸಭಾ ಸಮಿತಿಯನ್ನು ಮಾತ್ರ ಕಂಡಿಲ್ಲ. ಅದೇ ಅಧ್ಯಾಯದ 8ನೇ ವಚನ ಪುರುಷರಿಗೆ ಹೇಳಿದ್ದು: ಕೋಪವೂ ವಾಗ್ವಾದವೂ ಇಲ್ಲದೆ ಕೈಗಳನ್ನೆತ್ತಿ ಪ್ರಾರ್ಥಿಸಬೇಕು. ಸಭೆಯ ಚುನಾವಣೆಗಳನ್ನು ಕಂಡವರಿಗೆ, 9ನೇ ವಚನ ಎಲ್ಲರಿಗೂ ಬಾಯಿಪಾಠವಾಗಿ 8ನೆಯದು ಹೇಗೆ ಮರೆತುಹೋಯಿತೆಂದು ವಿವರಿಸಬೇಕಾಗಿಲ್ಲ.

ಆ ಹುಡುಗನಿಗೂ ಒಂದು ಮಾತು ಹೇಳಬೇಕು, ಏಕೆಂದರೆ ಅವನು ಎಲ್ಲರೆದುರು ಸತ್ಯವನ್ನಾಡಿದ್ದಾನೆ. ತಮ್ಮಾ, ಸುಂದರಳಾದ ಹುಡುಗಿ ಕಣ್ಣಿಗೆ ಬೀಳುವುದು ಪಾಪವಲ್ಲ. ಶೋಧನೆಯೂ ಪಾಪವಲ್ಲ, ಕರ್ತನೇ ಶೋಧಿಸಲ್ಪಟ್ಟನು. ಮೊದಲ ನೋಟದ ನಂತರ ಕಣ್ಣನ್ನು ಎಲ್ಲಿಡುತ್ತೀ ಎಂಬಲ್ಲಿಂದ ನಿನ್ನ ಕೆಲಸ ಶುರುವಾಗುತ್ತದೆ. ಯೋಬನು ತನ್ನ ಕಣ್ಣುಗಳೊಡನೆಯೇ ಒಡಂಬಡಿಕೆ ಮಾಡಿಕೊಂಡನು, ಊರಿನ ಕನ್ಯೆಯರೊಡನೆ ಅಲ್ಲ. ಪೋಟೀಫರನ ಹೆಂಡತಿ ಬಟ್ಟೆ ಹಿಡಿದು ಎಳೆದಾಗ ಯೋಸೇಫನು ಬಟ್ಟೆಯನ್ನೇ ಬಿಟ್ಟು ಓಡಿದನು. ಶೋಧಿಸುವವಳು ಎದುರಿಗೇ ನಿಂತಿದ್ದರೂ ಗಂಡಸು "ಆಗುವುದಿಲ್ಲ" ಎನ್ನಬಲ್ಲನೆಂದು ಆ ಕಥೆ ತೋರಿಸುತ್ತದೆ. ರಾತ್ರಿ ಹಾಸಿಗೆಯಲ್ಲಿ ಮೊಬೈಲು ಹಿಡಿದಾಗ ನೀನು ಏನು ನೋಡುತ್ತೀಯೋ ಅದಕ್ಕೆ ನಿನ್ನ ಸಭೆಯ ಯಾವ ಹುಡುಗಿಯ ದುಪಟ್ಟಾವೂ ಕಾರಣವಲ್ಲವಷ್ಟೆ? ನಿನಗೆ ಸಹಾಯ ಬೇಕು, ನಿಜ. ಅದನ್ನು ನಂಬಿಕಸ್ಥರಾದ ಹಿರಿಯ ಸಹೋದರರ ಬಳಿ ಕೇಳು. ಹದಿನಾರರ ಹುಡುಗಿಯರ ಬಳಿ ಕೇಳುವುದು ನ್ಯಾಯವಲ್ಲ.

ಹಲವು ವರ್ಷ ಸಂಡೇ ಸ್ಕೂಲಿನಲ್ಲಿ ಕಲಿಸಿದವಳಾಗಿ ಇನ್ನೊಂದನ್ನು ಹೇಳದೆ ಇರಲಾರೆ. "ನಿನ್ನಿಂದ ಅಣ್ಣಂದಿರು ಎಡವುತ್ತಾರೆ" ಎಂಬ ಮಾತನ್ನು ಹನ್ನೆರಡು, ಹದಿಮೂರರ ವಯಸ್ಸಿನಲ್ಲಿ ಕೇಳಿದ ಹುಡುಗಿ ತನ್ನ ಮೈಯನ್ನೇ ಒಂದು ಅಪರಾಧವೆಂದು ತಿಳಿಯುತ್ತಾಳೆ. ಮುಂದೆಂದಾದರೂ ಯಾರಾದರೂ ಅವಳ ಮೇಲೆ ಕೈ ಮಾಡಿದರೆ, ನಾನೇನು ಉಟ್ಟಿದ್ದೆ ಎಂದು ಅವಳೇ ಮೊದಲು ತನ್ನನ್ನು ಕೇಳಿಕೊಳ್ಳುತ್ತಾಳೆ, ಮತ್ತು ಯಾರಿಗೂ ಹೇಳುವುದಿಲ್ಲ. ನೀವು ಬರೆಯುವ ಹಾಳೆ ಅವಳಿಗೆ ಆ ಮೌನವನ್ನು ಕಲಿಸಬಾರದು.

ಉತ್ತರ: ಧರ್ಮಕೇಂದ್ರದ ಸದಸ್ಯ, ಮೈಸೂರು

ನಾನು ಕಥೋಲಿಕನಾದ್ದರಿಂದ ಶಿಬಿರದ ವಿಷಯದಲ್ಲಿ ಮೂಗು ತೂರಿಸುವುದಿಲ್ಲ. ಆದರೆ ನಿಮ್ಮ ಸತ್ಯವೇದದಲ್ಲಿ ಇಲ್ಲದ, ನಮ್ಮ ಬೈಬಲಿನಲ್ಲಿರುವ ಒಂದು ಅಧ್ಯಾಯ ಈ ಚರ್ಚೆಗೆಂದೇ ಬರೆದಂತಿದೆ. ದಾನಿಯೇಲನ ಗ್ರಂಥದ 13ನೇ ಅಧ್ಯಾಯದಲ್ಲಿ ಸುಸನ್ನಳ ವೃತ್ತಾಂತ ಬರುತ್ತದೆ. ತಪಸ್ಸುಕಾಲದ ಐದನೆಯ ವಾರದ ಸೋಮವಾರ ಅದನ್ನು ಬಲಿಪೂಜೆಯಲ್ಲಿ ಓದುತ್ತೇವೆ.

ಬಾಬಿಲೋನಿನಲ್ಲಿ ಜನರಿಗೆ ನ್ಯಾಯತೀರ್ಪು ಕೊಡುತ್ತಿದ್ದ ಇಬ್ಬರು ಹಿರಿಯರು, ತನ್ನ ಮನೆಯ ತೋಟದಲ್ಲಿ ಬಾಗಿಲು ಮುಚ್ಚಿಸಿಕೊಂಡು ಸ್ನಾನಕ್ಕಿಳಿಯಲಿದ್ದ ಸುಸನ್ನಳನ್ನು ಅಡಗಿ ನೋಡಿ, ಒಪ್ಪದಿದ್ದರೆ ಜಾರಿಣಿಯೆಂದು ಸಾಕ್ಷಿ ಹೇಳುತ್ತೇವೆಂದು ಹೆದರಿಸುತ್ತಾರೆ. ಅವಳು ಕೂಗಿಕೊಳ್ಳುತ್ತಾಳೆ. ಮರುದಿನ ವಿಚಾರಣೆಗೆ ಅವಳು ಮುಸುಕು ಹಾಕಿಕೊಂಡೇ ಬರುತ್ತಾಳೆ. ಆಗ ಆ ಹಿರಿಯರು ಅವಳ ಮುಸುಕನ್ನು ತೆಗೆಸುತ್ತಾರೆ, ಅವಳ ಚೆಲುವನ್ನು ಕಣ್ತುಂಬ ನೋಡುವುದಕ್ಕಾಗಿ! ಬಾಗಿಲು, ಗೋಡೆ, ಮುಸುಕು, ಮೂರೂ ಇದ್ದವು. ಮೂರೂ ಅವಳನ್ನು ಕಾಯಲಿಲ್ಲ, ಏಕೆಂದರೆ ಕೇಡು ಇದ್ದದ್ದು ಸ್ವರ್ಗದ ಕಡೆಯಿಂದ ಕಣ್ಣು ತಿರುಗಿಸಿಕೊಂಡ ಆ ಇಬ್ಬರಲ್ಲಿ. ಯುವಕನಾದ ದಾನಿಯೇಲನು ಅವರನ್ನು ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳಿದಾಗ ಇಬ್ಬರೂ ಬೇರೆ ಬೇರೆ ಮರಗಳ ಹೆಸರು ಹೇಳಿ ಸಿಕ್ಕಿಬೀಳುತ್ತಾರೆ.

ಧರ್ಮಸಭೆಯ ಕಾನೂನಿನಿಂದಲೂ ಒಂದು ಸಂಗತಿ ಹೇಳುತ್ತೇನೆ. 1917ರ ಕಾನೂನು ಸಂಹಿತೆಯ 1262ನೇ ವಿಧಿ, ದೇವಾಲಯದಲ್ಲಿ ಸ್ತ್ರೀಪುರುಷರು ಪ್ರತ್ಯೇಕವಾಗಿ ಕೂರುವುದು ಅಪೇಕ್ಷಣೀಯವೆಂದೂ, ಸ್ತ್ರೀಯರು ತಲೆ ಮುಚ್ಚಿಕೊಂಡು ಮಾನಸ್ಥವಾಗಿ ಉಟ್ಟಿರಬೇಕೆಂದೂ ಹೇಳಿತ್ತು. 1983ರ ಸಂಹಿತೆಯಲ್ಲಿ ಅದು ಇಲ್ಲ. ಪಾಪನಿವೇದನೆಯ ಪೀಠದ ಜಾಲರಿ ಮಾತ್ರ ಉಳಿದಿದೆ. ಆ ಜಾಲರಿಯನ್ನು 16ನೇ ಶತಮಾನದಲ್ಲಿ ಬಳಕೆಗೆ ತಂದದ್ದು ಗುರುವಿಗೂ ನಿವೇದನೆಗೆ ಬರುವ ಹೆಂಗಸಿಗೂ ನಡುವೆ ಅಂತರವಿರಲೆಂದು. ನಿವೇದನೆಯ ಸಂದರ್ಭವನ್ನು ಬಳಸಿಕೊಂಡು ಅವಳನ್ನು ಕೆಟ್ಟದ್ದಕ್ಕೆ ಪ್ರಚೋದಿಸುವ ಗುರುವಿನ ಅಪರಾಧಕ್ಕೆ 1741ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ಕಠಿಣ ಕಾನೂನನ್ನು ಹೊರಡಿಸಿದರು, ಇಂದಿಗೂ ಅದು ಘೋರ ಅಪರಾಧಗಳ ಸಾಲಿನಲ್ಲಿದೆ. ಈ ಕಾನೂನುಗಳಿದ್ದೂ ನಮ್ಮ ಧರ್ಮಸಭೆ ಎಷ್ಟೋ ದೇಶಗಳಲ್ಲಿ ತಪ್ಪಿತಸ್ಥರನ್ನು ಮುಚ್ಚಿಟ್ಟಿತೆಂಬುದು ನಮ್ಮ ನಾಚಿಕೆಗೇಡು. ಆದರೂ ಅಧಿಕಾರದಲ್ಲಿರುವವನ ಮೇಲೆ ಮೊದಲು ನಿಯಮ ಹೇರಬೇಕೆಂಬ ತಿಳಿವಳಿಕೆ ಆ ಜಾಲರಿಯಲ್ಲಿದೆ.

ಉತ್ತರ: ಹಿರಿಯ ಸಭಾಸದ, ಬೆಟಗೇರಿ

ಶಿಕ್ಷಕಿಯವರು ರೋಮಾಪುರದ ಅಧ್ಯಾಯವನ್ನು ಬಿಡಿಸಿ ಹೇಳಿದ್ದು ಸರಿಯಾಗಿದೆ. ಆ ವಚನವನ್ನು ಆ ಜಾಗದಿಂದ ತೆಗೆಯುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ವಚನ ಹೋದರೂ ನಾಡಿನ ರೂಢಿ ಉಳಿಯುತ್ತದೆಯಲ್ಲವೇ? ಸುತ್ತಲಿನ ಅನ್ಯಮತದ ನೆರೆಹೊರೆಯವರು ನಮ್ಮ ಹೆಣ್ಣುಮಕ್ಕಳನ್ನು ನೋಡಿ ಸಭೆಯನ್ನು ಅಳೆಯುತ್ತಾರೆ. ಮರ್ಯಾದೆಯ ಉಡುಪೆಂದರೆ ಏನೆಂದು ಹಳ್ಳಿಯಲ್ಲಿ ಎಲ್ಲರಿಗೂ ತಿಳಿದೇ ಇದೆ, ಅದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಉತ್ತರ: ನಿವೃತ್ತ ಶಿಕ್ಷಕಿ, ಧಾರವಾಡ

ಅಣ್ಣನವರೇ, ರೂಢಿಯನ್ನು ಗೌರವಿಸೋಣ, ಆದರೆ ಅದನ್ನು ಯಾರು ಬರೆದರೆಂದೂ ನೋಡೋಣ. 19ನೇ ಶತಮಾನದ ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವುದೇ ರೂಢಿಗೆ ವಿರುದ್ಧವಾಗಿತ್ತು, ಏಕೆಂದರೆ ಮೇಲುಜಾತಿಯವರೆದುರು ಎದೆ ತೆರೆದಿರುವುದು ಮರ್ಯಾದೆಯೆಂದು ಆ ನಾಡು ನಂಬಿತ್ತು. ಕ್ರೈಸ್ತರಾದ ನಾಡಾರ್ ಹೆಂಗಸರು ಕುಪ್ಪಸ ತೊಟ್ಟು ಬೀದಿಗೆ ಬಂದಾಗ ಅವರ ಬಟ್ಟೆಯನ್ನು ಹರಿದರು, ಗಲಭೆಗಳಾದವು. ದಶಕಗಳ ಹೋರಾಟದ ನಂತರ 1859ರಲ್ಲಿ ಮಹಾರಾಜರು ಮೇಲುವಸ್ತ್ರಕ್ಕೆ ಅನುಮತಿ ಕೊಟ್ಟರು, ಅದೂ ಮೇಲುಜಾತಿಯ ಹೆಂಗಸರ ರೀತಿಯಲ್ಲಿ ಉಡಬಾರದೆಂಬ ಷರತ್ತಿನೊಂದಿಗೆ. ಮುಚ್ಚಿಕೊಂಡರೂ ತಪ್ಪು, ಮುಚ್ಚಿಕೊಳ್ಳದಿದ್ದರೂ ತಪ್ಪು. ಎರಡು ಕಡೆಯೂ ಆ ಮೈಯ ಒಡತಿಯನ್ನು ಯಾರೂ ಕೇಳಿರಲಿಲ್ಲ. ನಿಮ್ಮ ಸಮಿತಿಯಲ್ಲಿ ಹೆಂಗಸರೆಷ್ಟು ಜನ?

ಉತ್ತರ: ಸಭಾಪಾಲಕ, ಚಾಮರಾಜನಗರ ಜಿಲ್ಲೆ

ಕಾರ್ಯದರ್ಶಿಯವರು ಕೇಳಿದ್ದು ಹಾಳೆಯ ಮೇಲೆ ಏನು ಬರೆಯಬೇಕೆಂದು. ಅದಕ್ಕಷ್ಟೇ ಉತ್ತರಿಸುತ್ತೇನೆ.

ಉಡುಪಿಗೆ ಹುಡುಗ ಹುಡುಗಿಯರಿಬ್ಬರಿಗೂ ಒಂದೇ ವಾಕ್ಯ ಸಾಕು: ಆಟಕ್ಕೆ, ಆರಾಧನೆಗೆ, ಊಟಕ್ಕೆ ತಕ್ಕಂಥ, ಅಚ್ಚುಕಟ್ಟಾದ, ಬೆಲೆಯನ್ನು ಮೆರೆಸದ ಬಟ್ಟೆ. ಬೇಸಿಗೆಯಲ್ಲಿ ಮಕ್ಕಳು ಓಡಿ ಆಡಬೇಕಾದ ಕಡೆ ಸೀರೆ, ದುಪಟ್ಟಾಗಳ ಪಟ್ಟಿ ಬೇಡ. ಯಾರಿಗಾದರೂ ತಿಳಿಹೇಳಬೇಕಾದರೆ ಹುಡುಗಿಗೆ ಒಬ್ಬ ಸಹೋದರಿ, ಹುಡುಗನಿಗೆ ಒಬ್ಬ ಸಹೋದರ ಮರೆಯಲ್ಲಿ ಕರೆದು ಹೇಳಲಿ. ವೇದಿಕೆಯಿಂದ ಹೇಳುವುದು ಬೇಡ. ತಲೆಬರಹಕ್ಕೆ ವಚನ ಬೇಕೇ ಬೇಕೆಂದರೆ ಮೊದಲನೆಯ ತಿಮೊಥೆಯ 5ರ ಆರಂಭವನ್ನು ಹಾಕಿ. ವೃದ್ಧ ಸ್ತ್ರೀಯರನ್ನು ತಾಯಂದಿರೆಂದು, ಯೌವನಸ್ಥೆಯರನ್ನು ಪೂರ್ಣ ಶುದ್ಧಭಾವದಿಂದ ಅಕ್ಕತಂಗಿಯರೆಂದು ಎಣಿಸಬೇಕೆಂಬ ಆ ಮಾತನ್ನು ಪೌಲನು ಬರೆದದ್ದು ಒಬ್ಬ ಯುವ ಸಭಾಪಾಲಕನಿಗೆ.

ಉಳಿದ ಜಾಗವನ್ನೆಲ್ಲ ನನ್ನಂಥವರ ಮೇಲಿನ ನಿಯಮಗಳಿಗೆ ಮೀಸಲಿಡಿ. ಶಿಬಿರದಲ್ಲಿ 18 ವರ್ಷಕ್ಕಿಂತ ಕೆಳಗಿನವರು ಇದ್ದೇ ಇರುತ್ತಾರೆ, ಆದ್ದರಿಂದ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಅಲ್ಲಿಗೂ ಅನ್ವಯಿಸುತ್ತದೆ. ಅದರ 19ನೇ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. "ಸಭೆಯ ಮರ್ಯಾದೆಗಾಗಿ ಹಿರಿಯರೇ ಕುಳಿತು ಬಗೆಹರಿಸಿಕೊಳ್ಳೋಣ" ಎಂಬ ದಾರಿಗೆ ಕಾನೂನಿನಲ್ಲಿ ಜಾಗವಿಲ್ಲ. ಸಭೆಯಲ್ಲಿ ಕೆಲಸ ಮಾಡುವ ಹೆಂಗಸರಿಗೆ ಲೈಂಗಿಕ ಕಿರುಕುಳವಾದರೆ, ಕೆಲಸದ ಸ್ಥಳದಲ್ಲಿ ಅದನ್ನು ತಡೆಯುವ 2013ರ ಕಾಯ್ದೆಯ ಪ್ರಕಾರ, ಹತ್ತು ಮಂದಿಗಿಂತ ಕಡಿಮೆ ನೌಕರರಿರುವ ಕಡೆಯವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಇದನ್ನು ನಮ್ಮಲ್ಲಿ ತಿಳಿದವರು ಕಡಿಮೆ.

ಸಭಾಪಾಲಕರ ನಡತೆಯ ಮಾತು ಬಂದಾಗ, ಹೆಂಡತಿಯಲ್ಲದ ಸ್ತ್ರೀಯೊಡನೆ ಒಂಟಿಯಾಗಿರಬಾರದೆಂದು ಅಮೆರಿಕದ ಸುವಾರ್ತಿಕ ಬಿಲ್ಲಿ ಗ್ರಹಾಂ ಮತ್ತು ಸಂಗಡಿಗರು 1948ರಲ್ಲಿ ಕ್ಯಾಲಿಫೋರ್ನಿಯದ ಮೊಡೆಸ್ಟೊದಲ್ಲಿ ಮಾಡಿಕೊಂಡ ನಿರ್ಧಾರವನ್ನು ಹಲವರು ಉದಾಹರಿಸುತ್ತಾರೆ. ತಮ್ಮ ಮೇಲೆ ತಾವೇ ಹಾಕಿಕೊಂಡ ಕಟ್ಟು ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಅದನ್ನೇ ನೆಪಮಾಡಿ ಹೆಂಗಸರಿಗೆ ವೇದಪಾಠವನ್ನೂ ಆಪ್ತ ಸಲಹೆಯನ್ನೂ ತಪ್ಪಿಸುವುದನ್ನು ಕಂಡಿದ್ದೇನೆ, ಪ್ರತಿ ಹೆಂಗಸನ್ನೂ ಅಪಾಯವೆಂದು ನೋಡುವ ಅಭ್ಯಾಸವೂ ಅದರಿಂದ ಬೆಳೆಯುತ್ತದೆ. ಕರ್ತನು ಮಧ್ಯಾಹ್ನದ ಹೊತ್ತು ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಡನೆ ಮಾತನಾಡುತ್ತಿದ್ದುದನ್ನು ಕಂಡು ಶಿಷ್ಯರು ಆಶ್ಚರ್ಯಪಟ್ಟರು, ಆದರೂ ಈಕೆಯ ಸಂಗಡ ಏಕೆ ಮಾತನಾಡುತ್ತೀ ಎಂದು ಯಾರೂ ಕೇಳಲಿಲ್ಲ. ಊರಿನವರು ಬಂದು ಹೋಗುವ ಬಾವಿ ಅದು ಎಂಬುದನ್ನು ಗಮನಿಸಿ. ನಾನು ಅದನ್ನೇ ಅನುಸರಿಸುತ್ತೇನೆ: ಮಾತುಕತೆ ಒಬ್ಬರೊಡನೆಯೇ ಆಗಬಹುದು, ಆದರೆ ಬಾಗಿಲು ತೆರೆದಿರುತ್ತದೆ, ಅಮ್ಮನವರೋ ಸ್ತ್ರೀಯರ ಕೂಟದ ಒಬ್ಬರೋ ಕಣ್ಣಳತೆಯಲ್ಲಿರುತ್ತಾರೆ. ಶಿಬಿರದಲ್ಲಿಯೂ ಯಾವ ನಾಯಕನೂ ಮಗುವನ್ನು ಕೋಣೆಗೆ ಕರೆಯಬಾರದು, ರಾತ್ರಿ ಖಾಸಗಿ ಸಂದೇಶ ಕಳುಹಿಸಬಾರದು, ಬೈಕಿನಲ್ಲಿ ಒಂಟಿಯಾಗಿ ಕರೆದೊಯ್ಯಬಾರದು.

ದೂರು ಕೇಳಲು ಇಬ್ಬರು ಹೆಂಗಸರ ಹೆಸರು ಮತ್ತು ಫೋನ್ ನಂಬರನ್ನು ಹಾಳೆಯ ಮೇಲ್ಭಾಗದಲ್ಲೇ ಹಾಕಿ. ಅವರಲ್ಲಿ ಒಬ್ಬರಾದರೂ ನಿಮ್ಮ ಸಭೆಯ ಹೊರಗಿನವರಾಗಿರಬೇಕು, ಸಭಾಪಾಲಕನ ಅಥವಾ ಸಮಿತಿಯವರ ಸಂಬಂಧಿಕರಂತೂ ಆಗಲೇಬಾರದು. ಮಕ್ಕಳಿಗೆ 1098 ಸಹಾಯವಾಣಿಯ ಸಂಖ್ಯೆಯನ್ನೂ ಅದರ ಕೆಳಗೆ ಬರೆಯಿರಿ.

ಉತ್ತರ: ಯೌವನಸ್ಥರ ಸಂಘದ ಕಾರ್ಯದರ್ಶಿ

ಎಲ್ಲರಿಗೂ ಕೃತಜ್ಞತೆಗಳು. ಶಿಕ್ಷಕಿಯಮ್ಮನವರ ಪ್ರಶ್ನೆಗೆ ಉತ್ತರ: ನಮ್ಮ ಸಮಿತಿಯಲ್ಲಿ ಸ್ತ್ರೀಯರ ಕೂಟದಿಂದ ಒಬ್ಬರೇ ಇದ್ದಾರೆ, ಅವರೂ ಹೆಚ್ಚಾಗಿ ಸಿಹಿತಿಂಡಿಯ ಲೆಕ್ಕಕ್ಕೆ ಸಹಿ ಹಾಕುವುದಕ್ಕೆ ಮಾತ್ರ ಬರುತ್ತಾರೆ. ಉಡುಪಿನ ಭಾಗವನ್ನು ಈ ಬಾರಿ ನಾನು ಬರೆಯುವುದಿಲ್ಲ. ಕೂಟದಲ್ಲಿ ಎದ್ದು ನಿಂತ ಆ ಸಹೋದರಿಗೂ ಉತ್ತರ ಕೊಟ್ಟ ಆ ಹುಡುಗನಿಗೂ ಸೇರಿ ಬರೆಯಲು ಒಪ್ಪಿಸಿದ್ದೇನೆ. ನಾಯಕರ ನಡತೆಯ ನಿಯಮಗಳನ್ನು ಸಭಾಪಾಲಕರು ಹೇಳಿದಂತೆ ನಾನೇ ಸೇರಿಸುತ್ತೇನೆ. ಸಮಿತಿಯಲ್ಲಿ ಜಗಳವಾಗುವುದು ಆ ಭಾಗಕ್ಕೇ ಎಂದು ಈಗಲೇ ಕಾಣುತ್ತಿದೆ. ಹೊರಗಿನವರೊಬ್ಬರು ದೂರು ಕೇಳಬೇಕೆಂಬುದನ್ನು ಬೇರೆ ಸಭೆಗಳು ಹೇಗೆ ಒಪ್ಪಿಸಿಕೊಂಡಿವೆ ಎಂದು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.